ಮೂರು ಪರ್ಸೆಂಟ್ ಒಳಗೆ

ಜನವರಿ 6, ಬೆಳಿಗ್ಗೆ 8:25, ಬಸ್ಸು

ಅಕ್ಕನೂ ನಾನೂ ಮನೆ ಬಾಗಿಲಿನಿಂದ ಸ್ಟಾಪಿಗೆ ನಡೆದದ್ದು 6 ನಿಮಿಷ 20 ಸೆಕೆಂಡ್. ನಿನ್ನೆ 6:15. ಆ ಐದು ಸೆಕೆಂಡ್ ಅಕ್ಕನ ಚಪ್ಪಲಿ ಬಕಲ್‌ನದು. ಬಿಡು.

ಹೊಸ ಡೈರಿಯ ಐದನೇ ಪುಟ. ಪ್ರತಿವರ್ಷ ಅಕ್ಕನೇ ಹೊಲಿದು ಕೊಡುತ್ತಾಳೆ. ಲೈಬ್ರರಿಯ ಬೈಂಡಿಂಗ್ ವಿಭಾಗದಲ್ಲಿ ಇಪ್ಪತ್ತೆಂಟು ವರ್ಷದಿಂದ ಹರಿದ ಪುಸ್ತಕ ರಿಪೇರಿ ಮಾಡುವವಳು. ತಂಗಿ ಅಂಗಡಿಯ ಡೈರಿ ಹಿಡಿದುಕೊಂಡು ಓಡಾಡಿದರೆ ಮರ್ಯಾದೆ ಹೋಗುತ್ತದಂತೆ. ಈ ಸಲದ್ದು ತೆಳ್ಳಗಿದೆ. ಎಣಿಸಿದೆ. ಒಂಬತ್ತು ಫಾರಂ. ಹದಿನಾರು ಪುಟದ ಒಂದೊಂದು ಮಡಿಕೆಗೆ ಅವರ ಕಡೆ ಫಾರಂ ಅನ್ನುತ್ತಾರೆ. ಹೋದ ವರ್ಷ ಹನ್ನೆರಡಿತ್ತು.

"ಏನೇ ಇದು, ಜಿಪುಣತನ ಮಾಡಿದ್ದೀಯ?" ಅಂದೆ.

"ಕಾಗದ ಸಾಲ್ಲಿಲ್ಲ ಕಣೇ ಗಡಿಯಾರ. ಕಮ್ಮಿ ಬರಿ. ನಿನ್ನ ಪುರಾಣ ಯಾರಿಗೆ ಬೇಕಾಗಿದೆ?"

ಗಡಿಯಾರ ಅಂದರೆ ನಾನು. ಹಾಲು ಉಕ್ಕುವುದಕ್ಕೂ ಟೈಮ್ ನೋಡುತ್ತೇನೆ ಅಂತ ಇಟ್ಟ ಹೆಸರು. ಉಕ್ಕುವುದಕ್ಕೆ 4:40, ಸಣ್ಣ ಪಾತ್ರೆಯಲ್ಲಿ.

ಜನವರಿ 17, ರಾತ್ರಿ, ಮನೆ

ಆಫೀಸಿನಲ್ಲಿ ಮೇಡಂ ಕರೆದು ಕೂರಿಸಿ, ನಯವಾಗಿಯೇ ಉಗಿದರು. ಬಿಲ್ಡ್ 14 ನಿಮಿಷ 5 ಸೆಕೆಂಡ್ ತಗೊಳ್ತಿದೆ. "ನಮ್ಮ ಹುಡುಗರು ಬಿಲ್ಡ್ ಹಾಕಿ ಕಾಫಿಗೆ ಹೋಗ್ತಾರೆ. ಕಾಫಿ ಮುಗೀತದೆ, ಹರಟೆ ಮುಗೀತದೆ, ಇದು ಮುಗಿಯಲ್ಲ. ಜೂನ್ ಒಳಗೆ ಹತ್ತು ನಿಮಿಷಕ್ಕೆ ಇಳಿಸಿ ಕೊಡಿ." ಇಡೀ ಕಟ್ಟಡದಲ್ಲಿ ಸ್ಕ್ರಿಪ್ಟಿನ ಉಸ್ತುವಾರಿ ನನ್ನೊಬ್ಬಳದೇ. ಬೈಗುಳವೂ ನನ್ನೊಬ್ಬಳಿಗೇ.

ಸಂಜೆ ಅಕ್ಕ ಕೇಳಿದಳು, "ಹದಿನೈದು ವರ್ಷ ಆಯ್ತು, ಏನೇ ಅದು ನಿನ್ನ ಬಿಲ್ಡು?"

"ನೀನು ಹಾಳೆ ಮಡಚಿ, ಹೊಲಿದು, ಅಂಟು ಹಚ್ಚಿ, ರಟ್ಟು ಹಾಕ್ತೀಯಲ್ಲ, ಹಂಗೇ. ಎಲ್ಲರೂ ಬರೆದ ಚೂರುಗಳನ್ನ ಯಂತ್ರ ಒಟ್ಟು ಮಾಡಿ ಒಂದು ಮಾಡುತ್ತೆ. ಮೊದಲು ಇದು ಮಾಡು, ಆಮೇಲೆ ಇದು ಅಂತ ಬರೆದಿಟ್ಟಿರೋ ಪಟ್ಟಿನೇ ಸ್ಕ್ರಿಪ್ಟು."

"ಹದಿನಾಲ್ಕು ನಿಮಿಷಕ್ಕೆ ಒಂದು ಪುಸ್ತಕ! ಅದಕ್ಕೂ ಬೈತಾರಾ? ಬಂಗಾರದ ಕೈ ಅನ್ನಬೇಕು!" ಅಂತ ನಕ್ಕಳು. ಬೆಂಬಲಕ್ಕೆ ಇವಳಾದರೂ ಇದ್ದಾಳಲ್ಲ.

ಜನವರಿ 29, ಬಸ್ಸು

ಸ್ಟಾಪಿಗೆ 7:05. ನಿನ್ನೆಗಿಂತ ಹತ್ತು ಸೆಕೆಂಡ್ ಹೆಚ್ಚು. ಎರಡೂವರೆ ಪರ್ಸೆಂಟೂ ಇಲ್ಲ. ನಾಯ್ಸ್.

ಆಫೀಸಿನಲ್ಲಿ ನಾನೇ ಮಾಡಿದ ನಿಯಮ ಮನೆಯಲ್ಲೂ ಬಾಯಿಗೆ ಬಂದುಬಿಟ್ಟಿದೆ. ಯಾರಾದರೂ ಸ್ಕ್ರಿಪ್ಟಿಗೆ ಏನಾದರೂ ಸೇರಿಸಿದಾಗ, ಬಿಲ್ಡ್ ಹಿಂದಿನದಕ್ಕಿಂತ ಮೂರು ಪರ್ಸೆಂಟ್ ಒಳಗೆ ನಿಧಾನವಾದರೆ ನಾಯ್ಸ್, ಸುಮ್ಮನೆ ಏರಿಳಿತ ಅಂತ ಬಿಡುವುದು. ದಾಟಿದರೆ ಮಾತ್ರ ಜಗಳ. ಇಲ್ಲದಿದ್ದರೆ ಅರ್ಧ ಸೆಕೆಂಡಿಗೆಲ್ಲ ಕುಸ್ತಿಗಿಳಿಯಬೇಕು. ಅಕ್ಕನಿಗೂ ಇದು ಬಾಯಿಪಾಠ. ಬೆಳಿಗ್ಗೆ ಅವಳ ಕೈಯಿಂದ ತಟ್ಟೆ ಜಾರಿ ಒಡೆದಾಗ ಅವಳೇ ಅಂದಳು, "ನಾಯ್ಸು ಕಣೇ, ನಾಯ್ಸು. ಕಸಬರಿಕೆ ಕೊಡು."

ಫೆಬ್ರವರಿ 11, ರಾತ್ರಿ, ಮನೆ

ಆಫೀಸಿನಲ್ಲಿ ಇವತ್ತು ಟೈಮ್ ಕದಿಯುವ ಒಬ್ಬ ಕಳ್ಳ ಸಿಕ್ಕಿಬಿದ್ದ. ಸ್ಕ್ರಿಪ್ಟು ಪ್ರತಿ ಫೈಲು ಮುಟ್ಟಿದಾಗಲೂ ಇವತ್ತು ತಾರೀಖು ಎಷ್ಟು ಅಂತ ಕೇಳುತ್ತಿದೆ! ಒಂದು ಸಲ ಕೇಳಿ ನೆನಪಿಟ್ಟುಕೊಂಡರೆ ಏನು ಧಾಡಿ? ಒಂದು ಸಲಕ್ಕೆ ಸೆಕೆಂಡಿನ ನೂರರಲ್ಲಿ ಮೂರು ಪಾಲು. ಇದನ್ನು ಸೇರಿಸಿದಾಗ ಫೈಲುಗಳಿದ್ದದ್ದು ಇನ್ನೂರು — ಆರು ಸೆಕೆಂಡ್. ಈಗ ಮೂರು ಸಾವಿರ. ಒಂದೂವರೆ ನಿಮಿಷ ಬರೀ ತಾರೀಖು ಕೇಳುವುದರಲ್ಲೇ ಹೋಗುತ್ತಿದೆ. ಯಾವ ಪುಣ್ಯಾತ್ಮ ಒಪ್ಪಿಗೆ ಕೊಟ್ಟನೋ ನಾಳೆ ನೋಡಬೇಕು.

ಅಕ್ಕನಿಗೆ ಹೇಳಿದೆ. ಹೊಟ್ಟೆ ಹಿಡಿದುಕೊಂಡು ನಕ್ಕಳು. ರಾತ್ರಿ ಊಟಕ್ಕೆ ಕೂತಾಗ ತುತ್ತಿಗೊಮ್ಮೆ "ಇವತ್ತು ತಾರೀಖು ಎಷ್ಟೇ?" ನಕ್ಕು ನಕ್ಕು ನೀರು ನೆತ್ತಿಗೇರಿತು ಅವಳಿಗೆ. ಕೆಮ್ಮು ನಿಲ್ಲಲು ತುಂಬಾ ಹೊತ್ತಾಯಿತು.

ಫೆಬ್ರವರಿ 20, ಬಸ್ಸು

ಸ್ಟಾಪಿಗೆ 7:50. ಸ್ವೆಟರಿನ ಗುಂಡಿ ಹಾಕಿಕೊಳ್ಳುವುದಕ್ಕೆ ಬೇರೆ ಮೂರು ನಿಮಿಷ. ತಡೆಯಲಾರದೆ ನಾನೇ ಹಾಕಿದೆ. "ಚಳಿಗೆ ಬೆರಳು ಮರಗಟ್ಟಿದೆ" ಅಂದಳು. ಚಳಿ ಹೋಗಿ ಹದಿನೈದು ದಿನ ಆಯಿತು... ಇರಲಿ, ವಯಸ್ಸು ಐವತ್ತಾರು.

ಮಾರ್ಚ್ 12, ಬಸ್ಸು — ಮುಂದಿನ ಬಸ್ಸು

ಸ್ಟಾಪಿಗೆ 8:50. ಬಸ್ಸು ಕಣ್ಣೆದುರೇ ಹೋಯಿತು. ಹತ್ತು ಗಂಟೆಗೆ ಮೇಡಂಗೆ ಲೆಕ್ಕ ಒಪ್ಪಿಸಬೇಕಿತ್ತು. ಬಾಯಿಗೆ ಬಂದದ್ದು ಅಂದುಬಿಟ್ಟೆ.

"ಆಮೆ ಕೂಡ ನಿನಗಿಂತ ಬೇಗ ಹೋಗುತ್ತೆ. ಬೇಕಂತಲೇ ಮಾಡ್ತೀಯೋ ಹೇಗೆ?"

ಅಕ್ಕ ಸ್ಟಾಪಿನ ಕಬ್ಬಿಣದ ಕಂಬ ಹಿಡಿದು ನಿಂತಿದ್ದಳು. ಏದುಸಿರು ಬಿಡುತ್ತಿದ್ದಳು. "ನಾಳೆಯಿಂದ ನೀನು ಮುಂದೆ ಹೋಗಿಬಿಡೇ. ನನಗೇನು ಅವಸರ, ಲೈಬ್ರರಿ ಬಾಗಿಲು ತೆಗೆಯೋದೇ ಹತ್ತಕ್ಕೆ. ನಾನು ಮುಂದಿನ ಬಸ್ಸಿಗೆ ಬರ್ತೀನಿ" ಅಂದಳು. ಕೋಪದಲ್ಲಲ್ಲ. ಅದೇ ಜಾಸ್ತಿ ಉರಿಸಿತು.

ಮಾರ್ಚ್ 13, ಬಸ್ಸು

ಒಬ್ಬಳೇ. 5:05. ಎಷ್ಟು ಹಗುರ!

ಏಪ್ರಿಲ್ 9, ಮಧ್ಯಾಹ್ನ 1:30, ಆಫೀಸು

ಮೇಷ್ಟ್ರ ಹತ್ತಿರ ಕೂತು ಸ್ಕ್ರಿಪ್ಟಿನ ಹಳೆಯ ಚರಿತ್ರೆ ತೆಗೆಸಿದೆ. ಪಕ್ಕದ ಮೇಜಿನವರು, ಮೊದಲು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದರು, ಅದಕ್ಕೇ ಎಲ್ಲರಿಗೂ ಮೇಷ್ಟ್ರು. ತಾರೀಖಿನ ಸಾಲು ತೆಗೆದ ಮೇಲೂ ಬಿಲ್ಡ್ 12:35ಕ್ಕೆ ಬಂದು ಕೂತಿದೆ. ಇನ್ನೊಬ್ಬ ದೊಡ್ಡ ಕಳ್ಳ ಇರಲೇಬೇಕು ಅಂತ ಎರಡು ತಿಂಗಳಿಂದ ಹುಡುಕುತ್ತಿದ್ದೇನೆ. ಇಲ್ಲ.

ನಾಲ್ಕು ವರ್ಷದ ಹಿಂದೆ ಬಿಲ್ಡ್ 6 ನಿಮಿಷ 10 ಸೆಕೆಂಡ್. ಅಲ್ಲಿಂದ ಇಲ್ಲಿಗೆ ನಲವತ್ತೊಂದು ಬದಲಾವಣೆ. ಒಂದೂ ಮೂರು ಪರ್ಸೆಂಟ್ ದಾಟಿಲ್ಲ. ಒಂದೊಂದರ ಕೆಳಗೂ ಅದೇ ಷರಾ: "3% ಒಳಗೆ, ಓಕೆ." ಒಂದೊಂದಕ್ಕೂ ಸಹಿ ನನ್ನದೇ. ತಾರೀಖಿನ ಪುಣ್ಯಾತ್ಮನೂ ನಾನೇ.

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. "ನೀವು ಪ್ರತಿ ಸಲ ಹಿಂದಿನ ದಿನಕ್ಕೆ ಹೋಲಿಸಿದ್ರಿ ಕಣಮ್ಮ. ಮೊದಲನೇ ದಿನಕ್ಕೆ ಒಂದು ಸಲನೂ ಹೋಲಿಸ್ಲಿಲ್ಲ. ಯಾರಿಗೂ ಗೊತ್ತಾಗದ ಹಾಗೆ ದುಪ್ಪಟ್ಟಾಗಿಬಿಡ್ತು."

"ಹೌದಲ್ಲ" ಅಂದೆ. ನಾಚಿಕೆಯಾಯಿತು, ಅಷ್ಟೇ.

ಅದೇ ದಿನ, ಸಂಜೆ 6:40, ಮನೆ

ವಾಪಸ್ ಬಸ್ಸಿನಲ್ಲಿ ಈ ಡೈರಿ ತೆಗೆದೆ. ಮಧ್ಯಾಹ್ನ ಬರೆದಿಟ್ಟ ಮೇಷ್ಟ್ರ ಮಾತು ಮತ್ತೊಮ್ಮೆ ಓದೋಣ ಅಂತ. ಪುಟಗಳು ಹಿಂದಕ್ಕೆ ಸರಿದವು. 6:20. 7:05. 7:50. 8:50. ನನ್ನದೇ ಅಕ್ಷರ. ನಡುನಡುವೆ ಹತ್ತು, ಹನ್ನೆರಡು, ಐದು ಸೆಕೆಂಡ್... ಪಕ್ಕದಲ್ಲೆಲ್ಲ ನಾಯ್ಸ್, ನಾಯ್ಸ್, ನಾಯ್ಸ್. ಎರಡು ತಿಂಗಳಲ್ಲಿ ನಲವತ್ತು ಪರ್ಸೆಂಟ್. ಆಮೇಲೆ ಲೆಕ್ಕವೇ ಇಲ್ಲ. ಬಿಟ್ಟು ಹೋಗಿದ್ದೆನಲ್ಲ, ಹಗುರವಾಗಿ.

ಡೈರಿ ಮುಚ್ಚಿದೆ.

ಸ್ಟಾಪಿನಲ್ಲಿ ಇಳಿದು ಮನೆಗೆ ಹೋಗಲಿಲ್ಲ. ಎದುರು ಔಷಧಿ ಅಂಗಡಿಯ ಮೆಟ್ಟಿಲ ಮೇಲೆ ನಿಂತೆ. ಮೂರನೇ ಬಸ್ಸಿಗೆ ಅಕ್ಕ ಬಂದಳು. ಎರಡು ಕೈಯಲ್ಲೂ ಸರಳು ಹಿಡಿದು ಇಳಿದಳು. ಕಂಡಕ್ಟರ್ ಅವಳ ಚೀಲ ಇಳಿಸಿಕೊಟ್ಟ; ಅವನಿಗೆ ಅಭ್ಯಾಸವಾಗಿದೆ, ಕೇಳಲೂ ಇಲ್ಲ, ಕೊಟ್ಟ. ನಡೆಯತೊಡಗಿದಳು. ಎಡಗಾಲಿನ ಪಾದ ಮೇಲೆ ಏಳುತ್ತಿಲ್ಲ, ಎಳೆದುಕೊಂಡು ಬರುತ್ತಿದೆ. ಹಿಂದೆ ಹಿಂದೆ ಹೋದೆ. ಕೂಗಲಿಲ್ಲ. ಯಾಕೆ ಕೂಗಲಿಲ್ಲ? ಕೂಗಿದ್ದರೆ ಅವಳು ಬೇಗ ನಡೆಯುತ್ತಿದ್ದಳು, ನನಗಾಗಿ.

ನಾಲ್ಕು ಕಡೆ ನಿಂತಳು. ಒಂದು ಕಡೆ ಹೂಕುಂಡ ನೋಡುವ ಹಾಗೆ. ಇನ್ನೊಂದು ಕಡೆ ಚೀಲದಲ್ಲಿ ಏನೋ ಹುಡುಕುವ ಹಾಗೆ. ನಾಟಕ. ಯಾರೂ ನೋಡದಿರುವಾಗಲೂ ನಾಟಕ.

13 ನಿಮಿಷ 40 ಸೆಕೆಂಡ್. ಹೌದು, ಟೈಮ್ ನೋಡಿದೆ. ದರಿದ್ರ ಅಭ್ಯಾಸ.

ಏಪ್ರಿಲ್ 10, ಬೆಳಿಗ್ಗೆ

ಕೇಳಿದೆ. ಅಡುಗೆಮನೆಯಲ್ಲಿ, ಮುಖ ನೋಡದೆ, ಲೋಟ ತೊಳೆಯುತ್ತಾ.

"ಯಾವಾಗಿಂದ ಅಕ್ಕ?"

ಒಲೆ ಆರಿಸಿದಳು. ಆಮೇಲೆ, "ನಿನ್ನ ಡೈರಿ ಹೊಲಿಯೋವಾಗ. ಸೂಜಿ ಹಿಡಿಯಕ್ಕೇ ಆಗ್ಲಿಲ್ಲ. ದಿನಕ್ಕೆ ಅರ್ಧ ಫಾರಂ ಹೊಲಿಯೋಷ್ಟರಲ್ಲಿ ಸಾಕಾಗ್ತಿತ್ತು."

"ಕಾಗದ ಸಾಲ್ಲಿಲ್ಲ ಅಂದೆ!"

"ಕಾಗದ ಇತ್ತು ಕಣೇ."

"ನನಗೆ ಯಾಕೆ ಹೇಳ್ಲಿಲ್ಲ? ಹೇಳೇ! ಪಕ್ಕದಲ್ಲೇ ಇದ್ದೆನಲ್ಲ, ಸತ್ತುಹೋಗಿದ್ನಾ?"

"ಇವತ್ತಿಗೂ ನಿನ್ನೆಗೂ ಏನೂ ವ್ಯತ್ಯಾಸ ಕಾಣ್ತಿರ್ಲಿಲ್ಲ. ನೀನೇ ಹೇಳ್ತೀಯಲ್ಲ, ಮೂರು ಪರ್ಸೆಂಟ್ ಒಳಗಿದ್ರೆ ನಾಯ್ಸು ಅಂತ." ನಗುವುದಕ್ಕೆ ನೋಡಿದಳು. "ನೀನು ಓದಿದವಳು. ಸರಿಯಾಗೇ ಹೇಳ್ತಿರ್ತೀಯ ಅಂದ್ಕೊಂಡೆ."

ಲೋಟ ಅಲ್ಲೇ ಬಿಟ್ಟು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿಕೊಂಡು ಅತ್ತೆ.

ಏಪ್ರಿಲ್ 24, ಆಸ್ಪತ್ರೆಯ ಬೆಂಚು

ಮಿದುಳು ಹೇಳುವುದು ಸ್ನಾಯುಗಳಿಗೆ ತಲುಪುವುದಿಲ್ಲವಂತೆ. ನಡುವಿನ ನರಗಳು ಒಂದೊಂದಾಗಿ ಸಾಯುತ್ತವಂತೆ. ಮೊದಲು ಕೈ ಕಾಲು. ಮಾತು. ನುಂಗುವುದು. ಕೊನೆಗೆ ಉಸಿರು. ಡಾಕ್ಟರ್ ಒಳ್ಳೆಯವರು, ಮೇಜಿನಾಚೆಯಿಂದ ಎದ್ದು ಈಚೆ ಬಂದು ಕೂತು ಹೇಳಿದರು.

"ಯಾವಾಗ ಶುರುವಾಯ್ತು, ಏನಾದ್ರೂ ನೆನಪಿದೆಯಾ?"

ಡೈರಿ ಕೊಟ್ಟೆ. ಪುಟ ತಿರುವಿ ತಿರುವಿ ನೋಡಿದರು. ತಟ್ಟೆ, ಗುಂಡಿ, ನೆತ್ತಿಗೇರಿದ ನೀರು, ಕೆಮ್ಮು, ದಿನದಿನದ ನಡಿಗೆ. "ಇಷ್ಟು ಚೆನ್ನಾಗಿ ಬರೆದಿಟ್ಟವರನ್ನ ನಾನು ನೋಡೇ ಇಲ್ಲ" ಅಂದರು. ಮೆಚ್ಚಿಕೊಂಡೇ ಅಂದರು. ನೆಲ ಬಾಯಿ ಬಿಡಬಾರದೇ ಅನಿಸಿತು.

"ಮೊದಲೇ ಬಂದಿದ್ರೆ?"

"ಗುಣ ಅಂತೂ ಆಗ್ತಿರ್ಲಿಲ್ಲ, ಅದನ್ನ ಮನಸ್ಸಿಗೆ ಹಚ್ಕೋಬೇಡಿ. ಈ ಮಾತ್ರೆ ಸ್ವಲ್ಪ ಸಮಯ ಕೊಡುತ್ತೆ. ಕೆಲವು ತಿಂಗಳು." ತಡೆದು, "ಬೇಗ ಶುರು ಮಾಡಿದಷ್ಟು ಒಳ್ಳೇದು, ಅಷ್ಟೇ" ಅಂದರು.

ಅಕ್ಕ ಎಲ್ಲ ಕೇಳಿಸಿಕೊಂಡು, "ನಡಿಯೇ ಗಡಿಯಾರ, ಬಸ್ಸು ಹೋಗುತ್ತೆ" ಅಂದಳು.

ಜೂನ್ 3, ಮನೆ

ಒಂದು ತಿಂಗಳಿಗೂ ಮೇಲೆ ಬರೆದಿಲ್ಲ. ಬರೆಯುವುದೆಂದರೆ ಅಳತೆ. ಅಳತೆ ಬೇಡವಾಗಿತ್ತು.

ಅಕ್ಕ ಇವತ್ತು ಕೆಲಸ ಬಿಟ್ಟಳು. ಬೈಂಡಿಂಗ್ ವಿಭಾಗದ ಹಿರಿಯರು ಅವಳ ಸಾಮಾನು ಹೊತ್ತುಕೊಂಡು ಮನೆಯ ತನಕ ಬಂದರು. ಸೂಜಿಗಳ ಡಬ್ಬಿ, ಮೇಣ ತೀಡಿದ ದಾರದ ಉಂಡೆ, ಮಡಿಕೆ ಒತ್ತುವ ಪಟ್ಟಿ. ಬಾಗಿಲಲ್ಲಿ ಮೆಲ್ಲಗೆ ಹೇಳಿದರು, "ಡಿಸೆಂಬರಿಂದ ದಾರ ನಾವೇ ಪೋಣಿಸಿ ಕೊಡ್ತಿದ್ವಮ್ಮ. ಯಾರಿಗೂ ಹೇಳಬೇಡಿ ಅಂದಿದ್ರು. ನಿಮಗೆ ಗೊತ್ತಿರುತ್ತೆ ಅಂದ್ಕೊಂಡಿದ್ವಿ."

ಕಂಡಕ್ಟರಿಗೆ ಗೊತ್ತಿತ್ತು. ಇವರಿಗೆ ಗೊತ್ತಿತ್ತು. ಕೈಯಲ್ಲಿ ಗಡಿಯಾರ ಕಟ್ಟಿಕೊಂಡವಳಿಗೆ ಗೊತ್ತಿರಲಿಲ್ಲ.

ಜೂನ್ 26, ಆಫೀಸು

9 ನಿಮಿಷ 38 ಸೆಕೆಂಡ್. ಚಪ್ಪಾಳೆ ಹೊಡೆದರು. ನಲವತ್ತೊಂದನ್ನೂ ಒಂದೊಂದಾಗಿ ಹಿಂದಕ್ಕೆ ತೆಗೆದು ನೋಡಿದೆ. ಬೇಕಾದದ್ದು ಇಟ್ಟೆ, ಬೇಡದ್ದು ಕಿತ್ತೆ, ಕೆಲವನ್ನು ಬೇರೆ ಥರ ಬರೆದೆ. ನಿಯಮವನ್ನೂ ಬದಲಿಸಿದೆ. ಇನ್ನು ಮೇಲೆ ಹೋಲಿಕೆ ಮೊದಲನೇ ದಿನದ ಜೊತೆಗೇ. ಮೇಡಂ ಎಲ್ಲರೆದುರು ಹೊಗಳಿದರು. ನಗು ಬರಲಿಲ್ಲ.

ಸ್ಕ್ರಿಪ್ಟಿಗೆ ಹಿಂದಕ್ಕೆ ಹೋಗುವ ದಾರಿ ಇದೆ. ಯಾವ ದಿನಕ್ಕೆ ಬೇಕಾದರೂ. ಆ ಮಾರ್ಚ್ ಹನ್ನೆರಡಕ್ಕೆ ನನಗೆ ಹೋಗಬೇಕಿತ್ತು. ಸ್ಟಾಪಿನ ಕಂಬದ ಹತ್ತಿರ. ಒಂದೇ ಒಂದು ಮಾತು ಅಳಿಸಬೇಕಿತ್ತು.

ಮೇಷ್ಟ್ರು ಮಾತ್ರ ಹತ್ತಿರ ಬಂದು, "ಅಕ್ಕ ಹೇಗಿದ್ದಾರೆ?" ಅಂದರು. ಅಷ್ಟು ಸಾಕಾಯಿತು. ಅವರ ಮೇಜಿನ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ, ಚಪ್ಪಾಳೆ ಹೊಡೆದವರ ಎದುರಿಗೇ. ಜುಲೈಯಿಂದ ಮನೆಯಿಂದಲೇ ಕೆಲಸ ಮಾಡಿ ಅಂತ ಮೇಡಂ ಅಂದಿದ್ದಾರೆ.

ಜುಲೈ 15, ಮನೆ

ಮಾತು ತೊದಲುತ್ತಿದೆ. ಒಂದು ವಾಕ್ಯಕ್ಕೆ ಒಂದು ನಿಮಿಷ. ನಾನು ಸುಮ್ಮನಿರಬೇಕಲ್ಲ? ಅವಳು ಶುರು ಮಾಡಿದ್ದನ್ನು ನಾನು ಮುಗಿಸುತ್ತೇನೆ. "ನೀ..." "ನೀರಾ?" "ಕಿ..." "ಕಿಟಕಿ ಹಾಕ್ಲಾ?" ಹತ್ತರಲ್ಲಿ ಒಂಬತ್ತು ಸರಿ. ಅವಳಿಗೆ ಆಯಾಸ ಉಳಿಯುತ್ತದೆ ಅಂತ ಖುಷಿಪಡುತ್ತಿದ್ದೆ.

ಇವತ್ತು ಚಮಚ ಎತ್ತಿ ಮೇಜಿಗೆ ಕುಟ್ಟಿದಳು. ಕಣ್ಣಲ್ಲಿ ನೀರು. ನಿಧಾನವಾಗಿ, ಒಂದೊಂದೇ:

"ಇರೋದು... ಇದೊಂದು. ಅದನ್ನೂ... ನೀನೇ... ಆಡ್ಬೇಡ."

ತಪ್ಪಾಯ್ತು ಕಣೇ ಅಕ್ಕ ಅಂದೆ. ಕೈಗಡಿಯಾರ ಬಿಚ್ಚಿ ಡ್ರಾಯರಿಗೆ ಹಾಕಿದೆ. ಗೋಡೆಯದನ್ನೂ ಇಳಿಸಿದೆ. ಮಣಿಕಟ್ಟಿನಲ್ಲಿ ಬಿಳಿ ಪಟ್ಟಿ ಉಳಿದಿದೆ.

ಆಗಸ್ಟ್ 20, ಮಧ್ಯಾಹ್ನ

ಹೊಲಿಯುವುದನ್ನು ಕಲಿಸುತ್ತಿದ್ದಾಳೆ. ಅವಳೇ ಹಟ ಹಿಡಿದದ್ದು. ಈ ಡೈರಿ ಮುಗಿಯುತ್ತಾ ಬಂತು, ಮುಂದಿನದು ನಾನೇ ಹೊಲಿದುಕೊಳ್ಳಬೇಕಂತೆ.

ಕಿಟಕಿಯ ಹತ್ತಿರ ಕುರ್ಚಿ, ಅವಳ ಮಡಿಲಲ್ಲಿ ದಿಂಬು, ದಿಂಬಿನ ಮೇಲೆ ನನ್ನ ಹಾಳೆಗಳು. ಕೈ ಆಡುವುದಿಲ್ಲ, ಕಣ್ಣಲ್ಲೇ ತೋರಿಸುತ್ತಾಳೆ. ಒಳಗಿಂದ ಹೊರಗೆ. ಹೊರಗಿಂದ ಒಳಗೆ. ದಾರ ಎಳೆಯುವುದು ಬೆನ್ನಿನ ಉದ್ದಕ್ಕೆ, ಮೇಲಕ್ಕಲ್ಲ. ಮೇಲಕ್ಕೆಳೆದರೆ ಕಾಗದ ಹರಿಯುತ್ತದೆ. ಮೂರು ಮಧ್ಯಾಹ್ನ ಆಯಿತು ಒಂದು ಫಾರಂಗೆ. ಬೆರಳೆಲ್ಲ ಚುಚ್ಚಿ ತೂತು. ಹೆಮ್ಮೆಯಿಂದ ತೋರಿಸಿದೆ.

ನೋಡಿದಳು. ಓರೆ ಮಾಡಿ ಹಿಡಿ ಅಂತ ಕಣ್ಣಲ್ಲೇ ಅಂದಳು. ಮತ್ತೆ ನೋಡಿದಳು.

"ಬಿಚ್ಚು."

ಎಷ್ಟು ಸ್ಪಷ್ಟವಾಗಿ ಬಂತು ಆ ಒಂದು ಮಾತು! ಇಬ್ಬರೂ ನಕ್ಕೆವು. ಬಿಚ್ಚಿದೆ.

ಸೆಪ್ಟೆಂಬರ್ 18, ಬೆಳಿಗ್ಗೆ

ಇನ್ನು ಎರಡು ಪುಟ. ಅಕ್ಷರ ಚಿಕ್ಕದು ಮಾಡಿದ್ದೇನೆ.

ಕೇಳಬಾರದು ಅಂದುಕೊಂಡಿದ್ದೆ, ಕೇಳಿದೆ. "ಒಂಬತ್ತು ಫಾರಂ ಸಾಕು ಅಂತ ಹೇಗೆ ಗೊತ್ತಾಯ್ತೇ ನಿನಗೆ?"

ಉತ್ತರ ಬರುವಷ್ಟರಲ್ಲಿ ಕಿಟಕಿಯ ಬಿಸಿಲು ಅವಳ ಕಾಲಿನಿಂದ ಮಂಡಿಗೆ ಬಂದಿತ್ತು. ನಾನು ಬಾಯಿ ಹಾಕಲಿಲ್ಲ.

"ಸಾಕು... ಅಂತ ಅಲ್ಲ. ಆಗಿದ್ದು... ಅಷ್ಟೇ."

ಹೊಲಿಗೆ ನೋಡಿದೆ, ಈ ಡೈರಿಯದು. ಇಷ್ಟು ತಿಂಗಳಲ್ಲಿ ಮೊದಲ ಸಲ. ಮೊದಲ ಐದು ಫಾರಂ ಅವಳ ಎಂದಿನ ಹೊಲಿಗೆ, ಗೆರೆ ಎಳೆದ ಹಾಗೆ. ಆರನೆಯದರಿಂದ ಸ್ವಲ್ಪ ಸ್ವಲ್ಪವೇ ಅಡ್ಡ. ಎಂಟನೆಯದರಲ್ಲಿ ಒಂದೇ ತೂತಿಗೆ ಎರಡು ಸಲ ಚುಚ್ಚಿದ ಗುರುತು. ಒಂಬತ್ತನೆಯದನ್ನು ಹೇಗೆ ಮುಗಿಸಿದಳೋ. ಅವಳು ಯಾರದನ್ನಾದರೂ ಬಿಚ್ಚು ಅನ್ನುವವಳು, ಇದನ್ನು ಬಿಚ್ಚಲಿಲ್ಲ. ಬಿಚ್ಚಿದ್ದರೆ ಮತ್ತೆ ಹೊಲಿಯಲಾಗುತ್ತಿರಲಿಲ್ಲ.

ಅಕ್ಟೋಬರ್ 5, ಮಧ್ಯಾಹ್ನ

ಕೊನೆಯ ಪುಟ, ಕೆಳಗಿನ ಅರ್ಧ. ಬೆಳಿಗ್ಗೆ ನರ್ಸ್ ಬಂದು ಹೋದರು. ನಿನ್ನೆಗೂ ಇವತ್ತಿಗೂ ಅಷ್ಟೇನೂ ವ್ಯತ್ಯಾಸ ಇಲ್ಲ ಅಂದರು. ತಲೆಯಾಡಿಸಿದೆ. ನಾನು ನಿನ್ನೆಗೆ ಹೋಲಿಸುವುದು ಬಿಟ್ಟಿದ್ದೇನೆ.

ಹೊಸ ಡೈರಿಗೆ ಎರಡು ಫಾರಂ ಪಾಸಾಗಿವೆ. ಮೂರನೆಯದು ಈಗಷ್ಟೇ ಮುಗಿಸಿ ಅವಳ ಮಡಿಲಿನ ದಿಂಬಿನ ಮೇಲಿಟ್ಟೆ. ನೋಡುತ್ತಿದ್ದಾಳೆ. ತುಟಿ ಅಲುಗುತ್ತಿದೆ. ನಾಲ್ಕು ದಿನದಿಂದ ಒಂದು ಮಾತೂ ಬಂದಿರಲಿಲ್ಲ. ಬಿಚ್ಚು ಅನ್ನಬಹುದು. ನೀರು ಕೇಳಬಹುದು. ತಾರೀಖು ಎಷ್ಟು ಅಂತ ಕೇಳಿ ಚೇಷ್ಟೆ ಮಾಡಬಹುದು. ಊಹಿಸುವುದಿಲ್ಲ. ಅವಳೇ ಆಡಲಿ, ಎಷ್ಟು ಹೊತ್ತಾದರೂ ಆಗಲಿ. ಕೆಳಗೆ ಇನ್ನೊಂದೇ ಸಾಲು ಜಾಗ ಇದೆ, ಅದು ಅವಳಿಗೇ.

"ಗಡಿ..."